ಹಳ್ಳಿಕಾರ್‌ಗೆ ಬರದ ಜ್ವರ ಎಚ್‌ಎಫ್‌ಗೆ ಯಾಕೆ ಬಂತು?

ಪ್ರಶ್ನೆ: ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುವಿಗೆ ಜೋರು ಜ್ವರ ಬಂದು ಹಾಲು ಇಳಿದುಹೋಯಿತು. ಡಾಕ್ಟರು ರಕ್ತ ನೋಡಿ ಉಣ್ಣೆಯಿಂದ ಹರಡುವ ಥೈಲೇರಿಯಾ ಅಂದರು. ಪಕ್ಕದಲ್ಲೇ ಕಟ್ಟುವ ಹಳ್ಳಿಕಾರ್ ಮೈಮೇಲೂ ಉಣ್ಣೆ ಇತ್ತು, ಅದಕ್ಕೆ ಏನೂ ಆಗಲಿಲ್ಲ. ಎಚ್‌ಎಫ್ ಮಾರಿಬಿಡಲಾ?
– ಓದುಗರು, ಶಿರಾ, ತುಮಕೂರು ಜಿಲ್ಲೆ

ಉತ್ತರ: ಸದ್ಯಕ್ಕೆ ಮಾರಬೇಡಿ. ಹಳ್ಳಿಕಾರ್‌ಗೆ ರೋಗಾಣು ತಗುಲಲೇ ಇಲ್ಲ ಅಂತ ಹೇಳುವ ಹಾಗಿಲ್ಲ. ಕಾಯಿಲೆ ಬೀಳದೆಯೂ ಅದು ರಕ್ತದಲ್ಲಿ ರೋಗಾಣು ಇಟ್ಟುಕೊಂಡಿರಬಹುದು, ಅದರ ರಕ್ತ ಹೀರಿದ ಮರಿ ಉಣ್ಣೆ ಬೆಳೆದ ಮೇಲೆ ಎಚ್‌ಎಫ್‌ಗೆ ಕಚ್ಚಿದರೆ ರೋಗ ದಾಟಿತು ಅಂತಲೇ ಲೆಕ್ಕ.

ಥೈಲೇರಿಯಾ ರೋಗಾಣು ಮೊದಲು ಬಿಳಿ ರಕ್ತಕಣದೊಳಗೆ ಹೊಕ್ಕು ಅದನ್ನು ಕ್ಯಾನ್ಸರ್ ಕಣದ ಹಾಗೆ ಬೇಕಾಬಿಟ್ಟಿ ಹೆಚ್ಚಿಸುತ್ತದೆ. ಹೆಗಲ ಮುಂದಿನ ಗಂಟು ಊದುವುದು ಅದಕ್ಕೇ. ಆಮೇಲೆ ಕೆಂಪು ಕಣಕ್ಕೆ ಇಳಿದು ರಕ್ತ ಕಮ್ಮಿ ಮಾಡುತ್ತದೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಾಟಿ ತಳಿಯಾದ ಸಾಹಿವಾಲ್ ಮತ್ತು ಹೋಲ್‌ಸ್ಟೀನ್ ಕರುಗಳಿಗೆ ಇದೇ ಸೋಂಕು ಕೊಟ್ಟು ನೋಡಿದರು. ಹೋಲ್‌ಸ್ಟೀನ್ ಕರುಗಳ ಮೈ ಉರಿಯೂತದಿಂದ ಬೆಂದುಹೋಯಿತು, ಸಾಹಿವಾಲ್ ಅಷ್ಟು ಕೆರಳಲಿಲ್ಲ, ತಡೆದುಕೊಂಡಿತು. ನಮ್ಮ ನಾಟಿ ತಳಿಗಳು ಉಣ್ಣೆಯ ಜೊತೆಗೇ ತಲೆತಲಾಂತರ ಬದುಕಿ ಬಂದಿವೆ, ಎಚ್‌ಎಫ್ ತಂಪು ದೇಶದ್ದು.

ಇದರಲ್ಲಿ ಜೀನ್‌ಗಳ ಪಾತ್ರ ಇದೆ. ಹಸುವಿನ 23ನೇ ಕ್ರೋಮೋಸೋಮಿನಲ್ಲಿ ಬೋಲಾ ಅನ್ನುವ ರೋಗನಿರೋಧಕ ಜೀನ್‌ಗಳ ಗುಂಪಿದೆ. ರೋಗಾಣುವಿನ ಚೂರುಗಳನ್ನು ಹಿಡಿದು ಕಾವಲು ಕಣಗಳಿಗೆ ತೋರಿಸುವುದು ಅವುಗಳ ಕೆಲಸ. ಅದರಲ್ಲಿ ಡಿಆರ್‌ಬಿ3 ಅನ್ನುವ ಒಂದೇ ಜೀನ್‌ಗೆ ನೂರಾರು ರೂಪಗಳಿವೆ. ಕರುವಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಎರಡೂ ಬೇರೆ ಬೇರೆ ಆದರೆ ಜಾಸ್ತಿ ಬಗೆಯ ಚೂರುಗಳನ್ನು ತೋರಿಸಬಹುದು, ಅಲ್ವಾ? ಊರಿಗೆಲ್ಲ ಒಂದೇ ಹೋರಿಯ ವೀರ್ಯ ಹಾಕಿಸುತ್ತಾ ಹೋದರೆ ಈ ವೈವಿಧ್ಯ ಸವೆಯುತ್ತದೆ. ನನಗೆ ಹೆಚ್ಚು ಭಯ ಇರುವುದು ಇಲ್ಲೇ. ಹಾಗಾಗಿ ವೀರ್ಯದ ಕಡ್ಡಿಯ ಮೇಲಿನ ಹೋರಿ ನಂಬರ್ ಬರೆದಿಟ್ಟುಕೊಳ್ಳಿ, ಮಗಳಿಗೆ ಅಪ್ಪನದ್ದೇ ಬೀಳದಂತೆ ನೋಡಿ, ಹಳ್ಳಿಕಾರ್‌ಗೆ ಒಳ್ಳೆ ಹಳ್ಳಿಕಾರ್ ಹೋರಿಯನ್ನೇ ಹುಡುಕಿ.

ಈಗಿನ ಕೆಲಸ ಬೇರೆ. ಈ ರೋಗ ಹರಡುವ ಜಾತಿಯ ಉಣ್ಣೆ ಕೊಟ್ಟಿಗೆ ಗೋಡೆಯ ಬಿರುಕಲ್ಲಿ ಅಡಗುತ್ತದೆ, ಹಸುವಿನ ಮೈಗೆ ಮಾತ್ರ ಔಷಧಿ ಹೊಡೆದರೆ ಸಾಲದು, ಬಿರುಕು ಮುಚ್ಚಿಸಿ. ಮತ್ತೆ ಜ್ವರ ಬಂದರೆ ಕಾಯಬೇಡಿ, ಬುಪಾರ್ವಕ್ವೋನ್ ಇಂಜೆಕ್ಷನ್ ಬೇಗ ಬಿದ್ದಷ್ಟೂ ಹಸು ಉಳಿಯುವ ಸಾಧ್ಯತೆ ಹೆಚ್ಚು. ಮಿಶ್ರತಳಿ ಕರುಗಳಿಗೆ ಥೈಲೇರಿಯಾ ಲಸಿಕೆ ಇದೆ, ಯಾವಾಗ ಹಾಕಿಸಬೇಕು ಅಂತ ನಿಮ್ಮ ಪಶುವೈದ್ಯರನ್ನು ಕೇಳಿ.