ಚಳಿಗೆ ಹೆದರಿ ಕೊಟ್ಟಿಗೆ ಮುಚ್ಚಬೇಡಿ

ಪ್ರಶ್ನೆ: ದೊಡ್ಡಬಳ್ಳಾಪುರದ ಹತ್ರ ನಮ್ದು ಒಂದು ಎಕರೆ ತೋಟ ಇದೆ ಸರ್, ಬೇಸಿಗೆಯಿಂದ ಅಲ್ಲೇ ಮನೆ ಮಾಡ್ಕೊಂಡಿದೀವಿ. ಎರಡು ಹಸು, ಒಂದು ಕರು, ಇಪ್ಪತ್ತು ಕೋಳಿ, ಸ್ವಲ್ಪ ಮಾವು, ಬೇಲಿ ಪಕ್ಕ ಅವರೆ. ಇದು ನಮಗೆ ತೋಟದಲ್ಲಿ ಮೊದಲನೇ ಚಳಿಗಾಲ. ಯೂಟ್ಯೂಬ್‌ನಲ್ಲಿ ಫಾರಿನ್‌ನವರ ವಿಡಿಯೋ ನೋಡಿ ಕೊಟ್ಟಿಗೆ, ಕೋಳಿ ಶೆಡ್ ಎಲ್ಲಾದಕ್ಕೂ ಸುತ್ತ ಟಾರ್ಪಾಲ್ ಕಟ್ಟಿಸೋಣ ಅಂತಿದೀವಿ. ಅಷ್ಟು ಸಾಕಾ?

ಉತ್ತರ: ಸಾಕಾ ಅಂತಲ್ಲ, ಜಾಸ್ತಿನೇ ಆಯ್ತು. ಆ ವಿಡಿಯೋದವರ ಊರಲ್ಲಿ ನಲ್ಲಿ ನೀರು ಪೈಪೊಳಗೇ ಗಡ್ಡೆ ಕಟ್ಟತ್ತೆ, ಅವರ ಚಿಂತೆ ಬೇರೆ. ಬೆಂಗಳೂರಲ್ಲಿ ದಾಖಲಾಗಿರೋ ಅತಿ ಕಡಿಮೆ ಅಂದ್ರೆ 1884ರ ಜನವರಿಯ 7.8 ಡಿಗ್ರಿ, ನಿಮ್ಮ ಕಡೆನೂ ಬೆಳಗಿನ ಜಾವ ಹನ್ನೆರಡು ಹತ್ತಕ್ಕೆ ಇಳಿಬಹುದು ಅಷ್ಟೆ, ಆ ಹವೆ ದೊಡ್ಡ ಹಸುಗಳಿಗೆ ಹಿತವಾಗೇ ಇರತ್ತೆ. ನಮ್ಮಲ್ಲಿ ಕಾಟ ಕೊಡೋದು ಚಳಿಗಿಂತ ಇಬ್ಬನಿ ಮತ್ತೆ ತೇವ. ಸುತ್ತ ಟಾರ್ಪಾಲ್ ಎಳೆದು ಬಿಗಿಯಾಗಿ ಕಟ್ಟಿದ್ರೆ ಹಸುಗಳ ಉಸಿರು, ಗಂಜಲದ ಆವಿ ಎಲ್ಲಾ ಮೇಲಕ್ಕೆ ಹೋಗಿ ತಗಡಿನ ಶೀಟಿಗೆ ತಾಗಿ ಬೆಳಿಗ್ಗೆ ಹೊತ್ತಿಗೆ ಹನಿ ಹನಿಯಾಗಿ ಕರುವಿನ ಬೆನ್ನ ಮೇಲೇ ಬೀಳತ್ತೆ, ಆಮೇಲೆ ಕರು ಕೆಮ್ತಿದೆ ಅಂತ ಡಾಕ್ಟರ್‌ಗೆ ಫೋನ್ ಮಾಡ್ಬೇಕಾಗತ್ತೆ.

ಗಾಳಿ ಬೀಸೋ ಕಡೆಗೆ ಮಾತ್ರ, ನಿಮ್ಮ ಕಡೆ ಈ ಕಾಲದಲ್ಲಿ ಅದು ಹೆಚ್ಚಾಗಿ ಪೂರ್ವ ಈಶಾನ್ಯದಿಂದ, ಹಸು ಮಲಗಿದಾಗ ಮೈಗೆ ಗಾಳಿ ಹೊಡೀದಷ್ಟು ಎತ್ತರಕ್ಕೆ ಗೋಣಿಚೀಲ ಹೊಲಿದು ಕಟ್ಟಿ, ಸೂರಿನ ಕೆಳಗೆ ಒಂದೂವರೆ ಅಡಿ ಬಿಟ್ಟುಬಿಡಿ. ಬಿಸಿಲು ಬಂದ ತಕ್ಷಣ ಸುತ್ತಿ ಮೇಲಕ್ಕೆತ್ತಬೇಕು. ಕರುಗೆ ಮಾತ್ರ ಒಣ ಹುಲ್ಲಿನ ಹಾಸಿಗೆ ತಪ್ಪಿಸಬೇಡಿ, ಸಂಜೆ ಮುಟ್ಟಿ ನೋಡಿ ಒದ್ದೆ ಇದ್ರೆ ಬದಲಾಯಿಸಿ. ಗಂಜಲ ಹರಿಯೋ ಚರಂಡಿ ಕಟ್ಟಿಕೊಂಡಿದ್ರೆ ಈಗಲೇ ಬಿಡಿಸಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಬೀಳ್ಬೇಕು, ಪಶು ಆಸ್ಪತ್ರೆಯವರು ಉಚಿತವಾಗಿ ಹಾಕ್ತಾರೆ, ಹಾಕ್ಸಿದೀರಾ ನೋಡ್ಕೊಳ್ಳಿ.

ಕೋಳಿ ಶೆಡ್ಡಿಗೂ ಇದೇ ಮಾತು. ಬೆಳಿಗ್ಗೆ ಬಾಗಿಲು ತೆಗೆದು ಕೋಳಿ ಎತ್ತರಕ್ಕೆ ಕೂತು ಒಂದು ಉಸಿರು ತಗೊಳ್ಳಿ, ಕಣ್ಣು ಚುರುಚುರು ಅಂದ್ರೆ ಗಾಳಿ ಸಾಲ್ತಿಲ್ಲ ಅಂತ ಅರ್ಥ, ನಿಂತ್ಕೊಂಡು ಮೂಸಿದ್ರೆ ಗೊತ್ತಾಗಲ್ಲ. ನೆಲಕ್ಕೆ ಮೂರ್ನಾಲ್ಕು ಇಂಚು ಭತ್ತದ ಹೊಟ್ಟು ಇಲ್ಲಾ ಕಡಲೆಕಾಯಿ ಸಿಪ್ಪೆ ಹಾಕಿ ಆಗಾಗ ಕೆದಕ್ತಾ ಇರಿ, ಗಟ್ಟಿ ಹೆಪ್ಪಾಗಿರೋದನ್ನ ತೆಗೆದು ತಿಪ್ಪೆಗೆ ಹಾಕಿ. ಮರಿ ಇದ್ರೆ ಬಲ್ಬು ಬೇಕೇ ಬೇಕು, ಮೊದಲನೇ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ವಾರಕ್ಕೆ ಐದೈದು ಇಳಿಸ್ತಾ ಬನ್ನಿ. ಥರ್ಮಾಮೀಟರ್ ಇಲ್ದಿದ್ರೂ ಪರ್ವಾಗಿಲ್ಲ, ಮರಿಗಳೆಲ್ಲ ಬಲ್ಬಿನ ಕೆಳಗೆ ಗುಂಪು ಕಟ್ಕೊಂಡಿದ್ರೆ ಚಳಿ, ಗೋಡೆ ಕಡೆ ಓಡಿದ್ರೆ ಸೆಕೆ.

ಪ್ರಶ್ನೆ: ದೀಪಾವಳಿ ಆದ್ಮೇಲೆ ನಮ್ಮ ಕೋಳಿಗಳು ಮೊಟ್ಟೆನೇ ಇಡ್ತಿಲ್ಲ. ಚಳಿಗಾ?

ಉತ್ತರ: ಚಳಿಗಲ್ಲ ಮೇಡಂ, ಬೆಳಕು ಕಮ್ಮಿ ಆಗಿರೋದಕ್ಕೆ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಹಗಲು ಹನ್ನೊಂದೂವರೆ ಗಂಟೆ ಹತ್ರ ಇರತ್ತೆ, ಫಾರಂ ತಳಿ ಕೋಳಿ ಚೆನ್ನಾಗಿ ಮೊಟ್ಟೆ ಇಡೋಕೆ 14ರಿಂದ 16 ಗಂಟೆ ಬೆಳಕು ಬೇಕು. ಬೆಳಗಿನ ಜಾವ ಒಂದು ಬಲ್ಬು ಹಾಕಿ, ಟೈಮರ್ ಇಟ್ರೆ ಒಳ್ಳೇದು, ಒಂದಿನ ಹಾಕಿ ಒಂದಿನ ಮರೆತ್ರೆ ಪ್ರಯೋಜನ ಇಲ್ಲ. ಇನ್ನೂ ಮೊಟ್ಟೆಗೆ ಬರದ ಎಳೆ ಕೋಳಿಗಳಿಗೆ ಈ ಬೆಳಕು ಬೇಡ. ಪುಕ್ಕ ಉದುರಿಸ್ತಿರೋ ಕೋಳಿಗೆ ಬೆಳಕಿನ ಜೊತೆ ರಜೆನೂ ಬೇಕು, ಬಿಟ್ಟುಬಿಡಿ. ನಾಟಿ ಕೋಳಿ ಆದ್ರೆ ಹೇಗೂ ಅದರಿಷ್ಟ.

ಪ್ರಶ್ನೆ: ಮಾವಿನ ಗಿಡಕ್ಕೆ ಚಳಿಗಾಲದಲ್ಲಿ ನೀರು ಕೊಡ್ಬೇಕಾ ಬೇಡ್ವಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಉತ್ತರ: ಇಬ್ರೂ ಸರಿನೇ, ಗಿಡದ ವಯಸ್ಸು ನೋಡಿ ಹೇಳ್ಬೇಕು. ಕಾಯಿ ಬಿಡೋ ಮರಕ್ಕೆ ಹೂ ಬರೋವರೆಗೂ ನೀರು ನಿಲ್ಲಿಸಿ, ಇಲ್ದಿದ್ರೆ ಚಿಗುರು ಹೊಡೆದು ಹೂವೇ ಬರಲ್ಲ. ಕಾಳಿನ ಗಾತ್ರಕ್ಕೆ ಕಾಯಿ ಕಚ್ಚಿದ ಮೇಲೆ ಶುರು ಮಾಡಿ. ಎರಡು ಮೂರು ವರ್ಷದ ಗಿಡಕ್ಕೆ ಆ ಲೆಕ್ಕ ಇಲ್ಲ, ಅದಕ್ಕೆ ನೀರೂ ಬೇಕು, ಬುಡಕ್ಕೆ ಒಣ ಎಲೆ ಮುಚ್ಚಿಗೆನೂ ಬೇಕು. ಉದುರಿದ ಎಲೆಗೆ ಬೆಂಕಿ ಇಡೋದು ಒಂದು ನಿಲ್ಲಿಸಿದ್ರೆ ಸಾಕು, ಮುಚ್ಚಿಗೆಗೆ ದುಡ್ಡು ಕೊಟ್ಟು ಏನೂ ತರೋದು ಬೇಡ. ಹೂಗೊಂಚಲ ಮೇಲೆ ಬಿಳಿ ಪುಡಿ ಕಂಡ್ರೆ ಬೂದಿ ರೋಗ, ಇಬ್ಬನಿ ಜಾಸ್ತಿ ಬಿದ್ದ ವರ್ಷ ಬಂದೇ ಬರತ್ತೆ, ನೀರಲ್ಲಿ ಕರಗೋ ಗಂಧಕ ಲೀಟರಿಗೆ ಮೂರು ಗ್ರಾಂ ಹಾಕಿ ಹೂ ಅರಳೋಕೆ ಮುಂಚೆನೇ ಹೊಡೀರಿ. ಪೂರ್ತಿ ಅರಳಿದ ಮೇಲೆ ಜೇನುನೊಣಗಳಿಗೆ ಬಿಟ್ಟುಕೊಡಿ.

ಪ್ರಶ್ನೆ: ತೋಟದ ಮನೇಲಿ ರಾತ್ರಿ ತುಂಬಾ ಥಂಡಿ, ಅತ್ತೆಗೆ ವಯಸ್ಸಾಗಿದೆ. ಬಾಣಲೆಯಲ್ಲಿ ಇದ್ದಿಲ ಕೆಂಡ ಹಾಕಿ ಅವರ ರೂಮಲ್ಲಿ ಇಡಬಹುದಾ?

ಉತ್ತರ: ಬೇಡವೇ ಬೇಡ. ಹೊಗೆ ಕಾಣಲ್ಲ ಅಂತ ಜನ ಧೈರ್ಯ ಮಾಡ್ತಾರೆ, ಆದ್ರೆ ಇದ್ದಿಲು ಬಿಡೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆನೂ ಇಲ್ಲ ಬಣ್ಣನೂ ಇಲ್ಲ, ಬಾಗಿಲು ಹಾಕಿ ಮಲಗಿದವರು ನಿದ್ದೇಲೇ ಹೋಗ್ಬಿಡ್ತಾರೆ. ಮನೆ ಒಳಗಿರೋ ಗ್ಯಾಸ್ ಗೀಸರ್‌ದೂ ಇದೇ ಅಪಾಯ, ಬಚ್ಚಲಿಗೆ ಗಾಳಿಕಿಂಡಿ ಇರಲೇಬೇಕು. ಅತ್ತೆಗೆ ಎರಡು ಕಂಬಳಿ, ಕಾಲಿಗೆ ಸಾಕ್ಸ್, ನೆಲದ ಮೇಲೆ ಮಲಗ್ತಿದ್ರೆ ಒಂದು ಮಂಚ. ಬಾಗಿಲ ಸಂದಿಗೆ ಹಳೇ ಸೀರೆ ಸುತ್ತಿ ಇಟ್ರೆ ಅರ್ಧ ಥಂಡಿ ಅಲ್ಲೇ ನಿಲ್ಲತ್ತೆ.

ಪ್ರಶ್ನೆ: ಹಂಡೆ ಒಲೆಗೆ ಅಂತ ಸೌದೆ ತರಿಸಿ ಹಿತ್ತಲ ಗೋಡೆಗೆ ಒಟ್ಟಿದೀವಿ, ಪಕ್ಕದಲ್ಲೇ ರಾಗಿ ಹುಲ್ಲಿನ ಮೆದೆ. ಹಾವು ಬರತ್ತೆ ಅಂತ ಕೆಲಸದವರು ಹೆದರಿಸ್ತಿದಾರೆ.

ಉತ್ತರ: ಹೆದರಿಸ್ತಿಲ್ಲ, ಸರಿಯಾಗೇ ಹೇಳ್ತಿದಾರೆ. ಹುಲ್ಲಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕೊಳಕುಮಂಡಲ. ಸೌದೆ, ಮೆದೆ ಎರಡನ್ನೂ ಮನೆಯಿಂದ ದೂರ ಸರಿಸಿ, ಕಲ್ಲಿನ ಮೇಲೆ ಒಂದಡಿ ಎತ್ತರಕ್ಕೆ ಒಟ್ಟಿ, ಮೆದೆ ನೆತ್ತಿಗೆ ಟಾರ್ಪಾಲ್ ಹಾಕಿ, ಬಂಗಾಳ ಕೊಲ್ಲಿ ಸೈಕ್ಲೋನ್ ಮಳೆ ಡಿಸೆಂಬರ್‌ನಲ್ಲೂ ಬರತ್ತೆ, ನೆನೆದ ಹುಲ್ಲು ಬೂಷ್ಟು ಹಿಡಿದ್ರೆ ಹಸು ಮೂಸಿ ನೋಡಲ್ಲ. ಕತ್ತಲಲ್ಲಿ ಸೌದೆಗೆ ಕೈ ಹಾಕೋದು ಬೇಡ, ಸಂಜೆನೇ ತಂದಿಟ್ಕೊಳ್ಳಿ. ಯಾರಿಗಾದ್ರೂ ಕಚ್ಚಿದ್ರೆ ಕಟ್ಟೋದು ಕುಯ್ಯೋದು ಮಾಡ್ದೆ ಕಾಲು ಅಲುಗಾಡಿಸದ ಹಾಗೆ ನೇರ ಆಸ್ಪತ್ರೆಗೆ. ವಿಷಕ್ಕೆ ಪ್ರತಿವಿಷ ಯಾವ ಆಸ್ಪತ್ರೇಲಿ ಇಟ್ಟಿರ್ತಾರೆ ಅಂತ ಇವತ್ತೇ ವಿಚಾರಿಸಿ, ಆ ನಂಬರ್ ಫ್ರಿಜ್ ಮೇಲೆ ಅಂಟಿಸಿ.