ಉಪ್ಪಿನಾಗರದಿಂದ ತಂದ ಗಿಡ ಬಾಲ್ಕನೀಲಿ ಹೂ ಬಿಡ್ತಿಲ್ಲ, ಉಪ್ಪು ನೀರು ಹಾಕ್ಬೇಕಾ?

ಪ್ರಶ್ನೆ: ಸರ್, ಡಿಸೆಂಬರಲ್ಲಿ ಗೋಕರ್ಣಕ್ಕೆ ಹೋದಾಗ ಸಾಣಿಕಟ್ಟಾ ಉಪ್ಪಿನಾಗರದ (ಸಮುದ್ರದ ನೀರು ಒಣಗಿಸಿ ಉಪ್ಪು ತೆಗೆಯೋ ಜಾಗ) ಹತ್ರ ಏರಿ ಮೇಲೆ ಹಬ್ಬಿರೋ ಒಂದು ಗಿಡ ಕಾಣ್ತು. ಟೇಬಲ್ ರೋಸ್ ತರ ದಪ್ಪ ಎಲೆ, ಕೆಂಪು ದಂಟು, ಚಿಕ್ಕ ಗುಲಾಬಿ ಹೂ. ಎರಡು ತುಂಡು ತಂದು ಕೊಕೊಪಿಟ್, ವರ್ಮಿಕಂಪೋಸ್ಟ್ ಹಾಕಿ ನೆಟ್ಟೆ. ಉದ್ದುದ್ದ ಬೆಳೀತಿದೆ, ಒಂದು ಹೂವೂ ಇಲ್ಲ. ಉಪ್ಪು ಕಮ್ಮಿ ಆಯ್ತಾ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಉಪ್ಪಲ್ಲ ಮೇಡಂ, ಬಿಸಿಲು ಕಮ್ಮಿ, ಗೊಬ್ಬರ ಜಾಸ್ತಿ. ನೀವು ಹೇಳೋದು ನೋಡಿದ್ರೆ ಇದು ಸೆಸುವಿಯಂ ಪೋರ್ಚುಲಕಾಸ್ಟ್ರಮ್, ಇಂಗ್ಲಿಷಲ್ಲಿ ಸೀ ಪರ್ಸ್ಲೇನ್ ಅಂತಾರೆ. ಹೆಸರಲ್ಲಿ ಪೋರ್ಚುಲಕಾ ಇದ್ರೂ ನಮ್ಮ ಗೋಣಿಸೊಪ್ಪು, ಟೇಬಲ್ ರೋಸ್ ಕುಟುಂಬದ್ದಲ್ಲ. ಒಂದ್ಸಲ ದಂಟು ಹಿಡಿದು ನೋಡಿ, ಪ್ರತಿ ಗೆಣ್ಣಲ್ಲೂ ಎಲೆ ಎದುರುಬದುರು ಜೋಡಿಯಾಗಿರತ್ತೆ. ಹೂವಲ್ಲಿ ನಿಜವಾದ ಎಸಳೇ ಇಲ್ಲ, ನಕ್ಷತ್ರದ ತರ ಕಾಣೋ ಐದೂ ಪುಷ್ಪಪತ್ರಗಳು, ಅಂದ್ರೆ ಮೊಗ್ಗನ್ನ ಹೊರಗಿಂದ ಮುಚ್ಚಿರೋ ಭಾಗ, ಒಳಗೆ ಗುಲಾಬಿ ಹೊರಗೆ ಹಸಿರು. ಅರಳೋದು ದಿನಕ್ಕೆ ಕೆಲವೇ ಗಂಟೆ, ಮುಚ್ಕೊಂಡ್ರೆ ಹಸಿರು ಬೆನ್ನು ಮಾತ್ರ ಕಾಣೋದು, ಹಾಗಾಗಿ ಆಫೀಸಿಗೆ ಹೋಗಿ ಸಂಜೆ ಬಂದು ನೋಡೋರಿಗೆ ಗಿಡ ಹೂವೇ ಬಿಡಲ್ಲ ಅನ್ಸತ್ತೆ, ರಜಾ ದಿನ ಬೆಳಗ್ಗೆನೂ ಒಂದ್ಸಲ ನೋಡಿ ಆಮೇಲೆ ಬೈರಿ.

ಈ ಗಿಡ ಉಪ್ಪನ್ನ ಎಲೆ ಒಳಗೆ ಕೂಡಿಟ್ಕೊಂಡು ಬದುಕತ್ತೆ, ಆಗರದ ಹತ್ರದ ಎಲೆ ಅಗಿದ್ರೆ ಉಪ್ಪುಪ್ಪು. ಆದ್ರೆ ಉಪ್ಪು ತಡ್ಕೊಳ್ಳೋದು ಬೇರೆ, ಉಪ್ಪಿಲ್ದೆ ಬದುಕಲ್ಲ ಅನ್ನೋದು ಬೇರೆ. ಸ್ವಲ್ಪ ಉಪ್ಪಿದ್ರೆ ಚೆನ್ನಾಗಿ ಬೆಳೆಯತ್ತೆ ನಿಜ, ಸಿಹಿನೀರಲ್ಲೂ ಆರಾಮಾಗಿರತ್ತೆ. ಅಷ್ಟಕ್ಕೂ ಆಸೆ ಇದ್ರೆ ತಿಂಗಳಿಗೊಮ್ಮೆ ಲೀಟರ್ ನೀರಿಗೆ ಒಂದು ಟೀಚಮಚ ಕಲ್ಲುಪ್ಪು ಕರಗಿಸಿ ಹಾಕಿ, ಕುಂಡದಿಂದ ಇಳಿಯೋ ನೀರು ಪಕ್ಕದ ಗುಲಾಬಿಗೆ ಹೋಗದಂಗೆ ನೋಡ್ಕೊಳ್ಳಿ.

ಈಗ ಮಾಡ್ಬೇಕಾಗಿದ್ದು, ಉದ್ದ ಹೋಗಿರೋ ಬಳ್ಳೀನೆಲ್ಲಾ ಧೈರ್ಯವಾಗಿ ಕತ್ತರಿಸಿ. ಅರ್ಧ ಗೇಣಿನ ತುಂಡು ಮಾಡಿ, ಕೆಳಗಿನ ಎರಡು ಗೆಣ್ಣು ಮಣ್ಣೊಳಗೆ ಹೋಗೋ ತರ ನೆಡಿ, ಗೆಣ್ಣಲ್ಲೇ ಬೇರು ಬರತ್ತೆ. ಮಣ್ಣಿಗೆ ಎರಡು ಪಾಲು ಮರಳು, ಒಂದು ಪಾಲು ಕೆಂಪು ಮಣ್ಣು, ಗೊಬ್ಬರ ಒಂದು ಹಿಡಿ ಸಾಕು. ಎಂ ಸ್ಯಾಂಡ್ ಆದ್ರೆ ಜರಡಿ ಹಿಡಿದು ಪುಡಿ ತೆಗೀರಿ, ಇಲ್ಲಾಂದ್ರೆ ಸಿಮೆಂಟ್ ತರ ಗಟ್ಟಿಯಾಗತ್ತೆ. ಆರು ಗಂಟೆ ನೇರ ಬಿಸಿಲು ಬೇಕೇ ಬೇಕು, ಬಾಲ್ಕನೀಲಿ ಇಲ್ಲಾಂದ್ರೆ ಟೆರೇಸಿಗೆ ಸಾಗ್ಸಿ. ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ. ನದಿ ಸಮುದ್ರ ಸೇರೋ ಅಳಿವೆಯಲ್ಲಿ ಉಬ್ಬರದ ನೀರು ಬರತ್ತೆ, ಇಳಿದೂ ಹೋಗತ್ತೆ, ತಟ್ಟೇಲಿ ನಿಂತಿದ್ದು ಎಲ್ಲಿಗೂ ಹೋಗಲ್ಲ.

ನಿಜ ಹೇಳ್ಬೇಕಂದ್ರೆ ಈ ಗಿಡ ಬೆಂಗಳೂರಿಗಿಂತ ಬೇಸಿಗೇಲಿ ಬಾವಿ ನೀರು ಉಪ್ಪಾಗೋ ಕರಾವಳಿ ಮನೆಗಳಿಗೇ ಹೇಳಿ ಮಾಡ್ಸಿದ್ದು, ಅಲ್ಲಿ ದಾಸವಾಳ ಒಣಗ್ತಿದ್ರೂ ಇದು ಹಸಿರಾಗಿ ಹಬ್ಬಿರತ್ತೆ. ಫಿಲಿಪ್ಪೀನ್ಸಲ್ಲಿ ಇದ್ರ ಉಪ್ಪಿನಕಾಯೂ ಹಾಕ್ತಾರೆ. ನೀವು ಪಲ್ಯ ಮಾಡೋ ಹಂಗಿದ್ರೆ ಎಲೆ ಬೇಯಿಸಿ ನೀರು ಚೆಲ್ಲಿ, ಆಮೇಲೆ ರುಚಿ ನೋಡೇ ಉಪ್ಪು ಹಾಕಿ, ಮನೇಲಿ ಬಿಪಿ ಇರೋರಿದ್ರೆ ಅವ್ರಿಗೆ ಬೇಡ.