ಆರಿಸಿಕೊಂಡ ಜನರನ್ನೇ ದೇವರು ದಂಡಿಸುವುದು ಯಾಕೆ? (ಆಮೋಸ 3:2)

"ಭೂಮಿಯ ಎಲ್ಲ ಕುಲಗಳಲ್ಲಿ ನಿಮ್ಮನ್ನು ಮಾತ್ರ ಅರಿತುಕೊಂಡೆ, ಆದ್ದರಿಂದ ನಿಮ್ಮನ್ನು ದಂಡಿಸುತ್ತೇನೆ" ಎಂದು ದೇವರು ಇಸ್ರಾಯೇಲ್ಯರಿಗೆ ಹೇಳುವ ಅರ್ಥದ ಮಾತು ಬೈಬಲಿನ ಆಮೋಸ ಪ್ರವಾದಿಯ ಪುಸ್ತಕದಲ್ಲಿದೆ. ಇದೆಂಥ ಪ್ರೀತಿ ಎಂದು ನೀವು ಕೇಳಿದ್ದೀರಿ. ನನಗೂ ಆಮೋಸನ ಪುಸ್ತಕ ಎಷ್ಟೋ ವರ್ಷ ಬರೀ ಹೆದರಿಕೆಯ ಪುಸ್ತಕವಾಗಿತ್ತು. ಸಂಡೇ ಸ್ಕೂಲ್ ಪಾಠಕ್ಕೆಂದು ಒಮ್ಮೆ ಒಂಬತ್ತೂ ಅಧ್ಯಾಯಗಳನ್ನು ಒಟ್ಟಿಗೆ ಓದಿದಾಗ ಅದರ ದಾರಿ ಕಂಡಿತು.

ಆ ಒಂದು ವಚನವನ್ನು ಪಕ್ಕಕ್ಕಿಟ್ಟು ಮೊದಲ ಎರಡು ಅಧ್ಯಾಯ ಓದಿ. ಆಮೋಸ ದಕ್ಷಿಣದ ಯೆಹೂದ ರಾಜ್ಯದ ತೆಕೋವ ಊರಿನ ಕುರಿಗಾರ. ಅತ್ತಿಮರ ನೋಡಿಕೊಳ್ಳುವ ಕೆಲಸವೂ ಇತ್ತು. ಕ್ರಿ.ಪೂ. 8ನೇ ಶತಮಾನದಲ್ಲಿ, ರಾಜ ಎರಡನೇ ಯಾರೊಬ್ಬಾಮನ ಕಾಲದಲ್ಲಿ, ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ ಹೋಗಿ ಮಾತಾಡಿದ. ಶುರುವಿನಲ್ಲಿ ಬೈದದ್ದು ಅಕ್ಕಪಕ್ಕದವರನ್ನು. ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಹೆಚ್ಚಿನವರು ಇಸ್ರಾಯೇಲಿನ ಹಳೇ ಶತ್ರುಗಳು. ಕೇಳುತ್ತಿದ್ದವರಿಗೆ ಖುಷಿಯೇ ಆಗಿರಬೇಕು. ಆಮೇಲೆ ತನ್ನದೇ ನಾಡು ಯೆಹೂದದ ಸರದಿ. ನಕ್ಷೆ ತೆಗೆದು ನೋಡಿ, ಇಸ್ರಾಯೇಲಿನ ಸುತ್ತ ಬಲೆ ಬಿಗಿಯುತ್ತಾ ಬರುತ್ತದೆ. ಕೊನೆಗೆ ಅವರ ಕಡೆಗೇ ತಿರುಗುತ್ತಾನೆ: ನೀವು ಬಡವನನ್ನು ಒಂದು ಜೊತೆ ಚಪ್ಪಲಿಗೆ ಮಾರಿದಿರಿ.

ಸಾಲ ತೀರಿಸಲಾಗದವರನ್ನು ಆಳಾಗಿ ಮಾರುತ್ತಿದ್ದ ಕಾಲ ಅದು. ಉಳ್ಳವರ ಮನೆಯಲ್ಲಿ ಮಾತ್ರ ಸುಗ್ಗಿ. ದಂತದ ಮಂಚದ ಮೇಲೆ ಒರಗಿರುತ್ತೀರಿ ಎಂದು ಆಮೋಸ ಬೈಯುತ್ತಾನೆ. ಸುಮ್ನೆ ಹೇಳಿದ್ದಲ್ಲ, ರಾಜಧಾನಿ ಸಮಾರ್ಯದ ಉತ್ಖನನದಲ್ಲಿ ಕೆತ್ತನೆಯ ದಂತದ ತುಂಡುಗಳು ಸಿಕ್ಕಿವೆ.

ನನ್ನ ಮನಸ್ಸಿಗೆ ತೀರಾ ತಟ್ಟಿದ್ದು 8ನೇ ಅಧ್ಯಾಯ. ಹಬ್ಬ ಯಾವಾಗ ಮುಗಿಯುತ್ತೋ, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಯಾವಾಗ ಕಳೆಯುತ್ತೋ, ಅಂಗಡಿ ತೆರೆಯಬೇಕು ಎಂದು ವ್ಯಾಪಾರಿಗಳು ಕಾಯುತ್ತಿದ್ದಾರೆ. ಕಾಳು ಅಳೆದುಕೊಡುವ ಪಾತ್ರೆ ಚಿಕ್ಕದು, ಬೆಳ್ಳಿ ತೂಗಿಸಿಕೊಳ್ಳುವ ಕಲ್ಲು ದೊಡ್ಡದು, ತಕ್ಕಡಿಯೂ ಮೋಸದ್ದು. ಕೊನೆಗೆ ಗೋಧಿಯ ಕಸವನ್ನೂ ಮಾರುತ್ತಾರೆ. ನಮ್ಮ ತಾತ ಸಂತೆಗೆ ರಾಗಿ ಹೊತ್ತು ಹೋಗುತ್ತಿದ್ದರು. ಕೊಳ್ಳುವವನ ಸೇರು ಯಾವಾಗಲೂ ದೊಡ್ಡದು ಅನ್ನುತ್ತಿದ್ದರು. ಎದುರು ಮಾತಾಡುವ ಹಾಗಿರಲಿಲ್ಲ, ಸಾಲ ಕೊಟ್ಟವನೂ ಅವನೇ. ಅವರ ಕಿವಿಯಿಂದ ಆಮೋಸನನ್ನು ಕೇಳಿನೋಡಿ. "ಅವರ ಕೆಲಸಗಳಲ್ಲಿ ಒಂದನ್ನೂ ಮರೆಯೆನು" ಎಂದು ದೇವರು ಆಣೆ ಇಡುವುದು ವ್ಯಾಪಾರಿಗೆ ಬೆದರಿಕೆ. ತಾತನಿಗೆ ಅದು, ಕೊನೆಗೂ ಒಬ್ಬರು ನೋಡಿದರಲ್ಲ ಎಂಬ ಸಮಾಧಾನ.

ಈಗ 3:2ಕ್ಕೆ ಬನ್ನಿ. ಅಲ್ಲಿನ ಹೀಬ್ರೂ ಕ್ರಿಯಾಪದ "ಯಾದಾ". ಆದಾಮನು ಹವ್ವಳನ್ನು ಅರಿತನು ಎನ್ನುವಲ್ಲಿಯೂ ಇದೇ ಪದ. ಅಷ್ಟು ಹತ್ತಿರದ ಸಂಬಂಧದ ಮಾತು ಇದು. ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಆಳಾಗಿದ್ದವರನ್ನು ಬಿಡಿಸಿ ತಂದೆ, ಈಗ ನೀವೇ ಆಳುಗಳನ್ನು ಮಾರುತ್ತೀರಾ ಎಂಬ ನೋವು ಅದರಲ್ಲಿದೆ. ದೇವರು ನಮ್ಮವನು, ನಮಗೇನೂ ಆಗಲ್ಲ ಎಂದು ಅವರು ನಂಬಿದ್ದರು. ಯೆಹೋವನ ದಿನ, ಅಂದರೆ ದೇವರು ಬಂದು ತೀರ್ಪು ಮಾಡುವ ದಿನ, ಬೇಗ ಬರಲಿ ಎಂದೂ ಹಾರೈಸುತ್ತಿದ್ದರು. ಅದಕ್ಕೇ ಆಮೋಸ ಹೇಳುತ್ತಾನೆ: ಸಿಂಹದಿಂದ ತಪ್ಪಿಸಿಕೊಂಡವನಿಗೆ ಕರಡಿ ಎದುರಾದಂತೆ, ಮನೆಗೆ ಬಂದು ಗೋಡೆಗೆ ಕೈ ಊರಿದರೆ ಹಾವು ಕಚ್ಚಿದಂತೆ ಇರುತ್ತದೆ ಆ ದಿನ.

ಹಾಗಂತ ಎಲ್ಲವೂ ಸಲೀಸಾಗಿ ಬಗೆಹರಿಯಿತು ಎನ್ನಲಾರೆ. ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರ್ಯರು ಸಮಾರ್ಯವನ್ನು ಹಿಡಿದಾಗ ಚಪ್ಪಲಿಗೆ ಮಾರಲ್ಪಟ್ಟವರೂ ಕಷ್ಟಪಟ್ಟಿರುತ್ತಾರೆ, ಅಲ್ವಾ? ಆ ಪ್ರಶ್ನೆ ನನ್ನೊಳಗೆ ಇನ್ನೂ ಇದೆ.

ಇವತ್ತು ರಾತ್ರಿ 7ನೇ ಅಧ್ಯಾಯದ ಮೊದಲ ಆರು ವಚನ ಓದಿ. ಮಿಡತೆಗಳ ದರ್ಶನ, ಆಮೇಲೆ ಬೆಂಕಿಯದು. ಇಷ್ಟು ಹೊತ್ತು ಬೈದ ಆಮೋಸನೇ ಅಲ್ಲಿ ಅಡ್ಡ ನಿಂತು ಬೇಡಿಕೊಳ್ಳುತ್ತಾನೆ, ಯಾಕೋಬ (ಅಂದರೆ ಇಸ್ರಾಯೇಲ್ ಜನ) ಹೇಗೆ ಉಳಿದಾನು, ಅವನು ಚಿಕ್ಕವನು ಎಂದು. ಎರಡು ಸಲವೂ ದೇವರು ಮನಸ್ಸು ಬದಲಿಸಿ "ಇದು ಆಗದು" ಎನ್ನುತ್ತಾನೆ.